ಹೆಗಲ ಮೇಲಿನ ಒಂದು ನಕ್ಷತ್ರ



ಸೇನಾ ಅಕಾಡೆಮಿಗಳನ್ನು ಕುರಿತ ಸಂವಾದದ ಮುದ್ರಣ ನಡೆಯುತ್ತಿದ್ದಾಗ ಸ್ಟುಡಿಯೋದ ಹಿಂದಿನ ಸಾಲಿನಿಂದ ಪಿಯುಸಿ ಓದುವ ಹುಡುಗಿಯೊಬ್ಬಳು ಕೈ ಎತ್ತಿದಳು. ಅವಳ ಪ್ರಶ್ನೆ ಇದು: "ಸರ್, ನಾಲ್ಕು ವರ್ಷ ಅಷ್ಟೊಂದು ಖರ್ಚು ಮಾಡಿ ತರಬೇತಿ ಕೊಟ್ಟವರನ್ನೇ ಯುದ್ಧದಲ್ಲಿ ಎಲ್ಲರಿಗಿಂತ ಮುಂದೆ ಏಕೆ ಕಳಿಸುತ್ತಾರೆ? ಅವರನ್ನು ಹಿಂದೆ ಇಟ್ಟುಕೊಂಡರೆ ದೇಶಕ್ಕೆ ಲಾಭ ಅಲ್ಲವೇ?" ಅತಿಥಿಯಾಗಿ ಬಂದಿದ್ದ ನಿವೃತ್ತ ಅಧಿಕಾರಿಗಳು ನಕ್ಕರು. "ಹಿಂದೆ ನಿಂತು ಹೋಗು ಎಂದರೆ ಯಾರೂ ಹೋಗುವುದಿಲ್ಲಮ್ಮಾ, ಬಾ ಎಂದರೆ ಬರುತ್ತಾರೆ" ಎಂದಷ್ಟೇ ಹೇಳಿದರು. ಅಷ್ಟರಲ್ಲಿ ಫ್ಲೋರ್ ಮ್ಯಾನೇಜರ್ ಕೈಸನ್ನೆ ಮಾಡಿದ್ದರಿಂದ ಕಾರ್ಯಕ್ರಮ ಮುಗಿಯಿತು. ಗಡಿಯಾರ ಹಿಡಿದು ಕೂತ ನಿರ್ಮಾಪಕ ನಾನೇ. ಆ ಹುಡುಗಿಗೆ ಸಲ್ಲಬೇಕಾದ ಉಳಿದ ಉತ್ತರ ನನ್ನ ಮೇಲಿನ ಸಾಲವೆಂದು ತಿಳಿದು ಈ ಪುಟಗಳನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಭೌತಶಾಸ್ತ್ರ. ಇತಿಹಾಸದ ಪರಿಚಯ ಆದದ್ದು ಈ ಕೆಲಸಕ್ಕೆ ಬಂದ ಮೇಲೆ, ಹಳೆಯ ಚಿತ್ರಸುರುಳಿಗಳ ಮೂಲಕ. ಆದ್ದರಿಂದ ನನ್ನ ಉತ್ತರದಲ್ಲಿ ಎರಡೂ ಬೆರೆತಿದ್ದರೆ ಆಶ್ಚರ್ಯಪಡಬೇಡಿ.

ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಯ ನಿರ್ಗಮನ ಪಥಸಂಚಲನವನ್ನು ನೀವು ಟಿವಿಯಲ್ಲಿ ನೋಡಿರಬಹುದು. ತರಬೇತಿ ಮುಗಿಸಿದ ಕ್ಯಾಡೆಟ್‌ಗಳು ನಿಧಾನ ಹೆಜ್ಜೆಯಲ್ಲಿ ಚೆಟ್‌ವುಡ್ ಭವನದ ಮೆಟ್ಟಿಲೇರಿ ಹೋಗುತ್ತಾರೆ. ಆ ಕೊನೆಯ ಹೆಜ್ಜೆಗೆ ಅಲ್ಲಿ 'ಅಂತಿಮ ಪಗ್' ಎಂಬ ಹೆಸರಿದೆ. ಆಮೇಲೆ ತಂದೆತಾಯಿಗಳು ಬಂದು ಮಗನ ಹೆಗಲ ಮೇಲಿನ ನಕ್ಷತ್ರವನ್ನು ತಮ್ಮ ಕೈಯಿಂದಲೇ ಅನಾವರಣ ಮಾಡುತ್ತಾರೆ. ಈಗ ಹೊಸ ಅಧಿಕಾರಿ ಲೆಫ್ಟಿನೆಂಟ್ ಆಗಿಯೇ ಹೊರಬರುವುದರಿಂದ ಎರಡು ನಕ್ಷತ್ರ. ಹಿಂದೆ ಸೆಕೆಂಡ್ ಲೆಫ್ಟಿನೆಂಟ್ ಎಂಬ ಹುದ್ದೆಯಿದ್ದ ಕಾಲದಲ್ಲಿ ಒಂದೇ ನಕ್ಷತ್ರ. ನಮ್ಮ ಕ್ಯಾಮೆರಾದವರಿಗೆ ಈ ದೃಶ್ಯ ಬಹಳ ಇಷ್ಟ. ಅಮ್ಮನ ಬೆರಳು, ಹೊಳೆಯುವ ಹಿತ್ತಾಳೆ, ಮಗನ ಕಣ್ಣು. ನಾವು ಯಾವಾಗಲೂ ಚಿತ್ರವನ್ನು ಅಲ್ಲಿಗೇ ನಿಲ್ಲಿಸುತ್ತೇವೆ. ಆ ನಕ್ಷತ್ರ ಮುಂದೆ ಎಲ್ಲಿಗೆ ಹೋಯಿತೆಂಬುದನ್ನು ತೋರಿಸುವುದು ಕಡಿಮೆ.

ಈ ಅಕಾಡೆಮಿ ಸುಲಭವಾಗಿ ಬಂದದ್ದಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಭಾರತೀಯ ಸಿಪಾಯಿಗಳು ಹೋರಾಡಿದರೂ ಅವರನ್ನು ನಡೆಸುವ ಅಧಿಕಾರ ಬ್ರಿಟಿಷರದ್ದೇ ಆಗಿತ್ತು. ನಮ್ಮ ಕೊಡಗಿನ ಕಾರ್ಯಪ್ಪನವರು 1919ರಲ್ಲಿ ಇಂದೂರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದ ಚಿಕ್ಕ ತಂಡದಲ್ಲಿದ್ದರು. ಮುಂದೆ ತಿಮ್ಮಯ್ಯನವರ ಕಾಲಕ್ಕೆ ಅಧಿಕಾರಿಯಾಗಬೇಕಾದರೆ ಸಮುದ್ರ ದಾಟಿ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೇ ಹೋಗಬೇಕಿತ್ತು. ಭಾರತೀಯರಿಗೆ ಅಲ್ಲಿದ್ದ ಸ್ಥಾನಗಳೋ ಬೆರಳೆಣಿಕೆಯವು. ಭಾರತದಲ್ಲೇ ಒಂದು ಸೇನಾ ಕಾಲೇಜು ಬೇಕೆಂಬ ಬೇಡಿಕೆಯನ್ನು ಪರಿಶೀಲಿಸಲು 1925ರಲ್ಲಿ ನೇಮಿಸಿದ ಸ್ಕೀನ್ ಸಮಿತಿಯಲ್ಲಿ ಮೋತಿಲಾಲ್ ನೆಹರೂ ಅವರೂ ಇದ್ದರು, ಜಿನ್ನಾ ಅವರೂ ಇದ್ದರು. ಕೊನೆಗೆ 1932ರ ಅಕ್ಟೋಬರ್ 1ರಂದು ಡೆಹ್ರಾಡೂನಿನಲ್ಲಿ 40 ಮಂದಿ ಕ್ಯಾಡೆಟ್‌ಗಳೊಂದಿಗೆ ಅಕಾಡೆಮಿ ಕೆಲಸ ಆರಂಭಿಸಿತು. ಅವರಲ್ಲಿ 15 ಮಂದಿ ಸ್ಪರ್ಧಾ ಪರೀಕ್ಷೆಯಿಂದ ಬಂದವರು, 15 ಮಂದಿ ಸೇನೆಯ ಸಿಪಾಯಿಗಳ ಸಾಲಿನಿಂದಲೇ ಆರಿಸಲ್ಪಟ್ಟವರು, ಉಳಿದ 10 ಮಂದಿ ಸಂಸ್ಥಾನಗಳ ಸೇನೆಗೆ ಸೇರಿದವರು.

ಡಿಸೆಂಬರ್ 10ರಂದು ಪ್ರಧಾನ ಸೇನಾಪತಿ ಚೆಟ್‌ವುಡ್ ವಿಧ್ಯುಕ್ತ ಉದ್ಘಾಟನೆ ಮಾಡಿದರು. ದೇಶದ ಸುರಕ್ಷತೆ ಮತ್ತು ಗೌರವ ಮೊದಲು, ನಿಮ್ಮ ಕೈಕೆಳಗಿನ ಸೈನಿಕರ ಯೋಗಕ್ಷೇಮ ಆಮೇಲೆ, ನಿಮ್ಮ ಸ್ವಂತದ ಸುಖ ಎಲ್ಲಕ್ಕಿಂತ ಕೊನೆಗೆ ಎಂಬುದು ಅವರು ಅಂದು ಹೇಳಿದ ಮಾತಿನ ತಾತ್ಪರ್ಯ. ಆ ಮಾತು ಇಂದಿಗೂ ಅಲ್ಲಿನ ಗೋಡೆಯ ಮೇಲಿದೆ. ಆದರೆ ಒಂದು ವಿಷಯ ಗಮನಿಸಿ. ಅಂದು ಆ ಹುಡುಗರ ಎದುರಿಗಿದ್ದ 'ದೇಶ' ಯಾವುದು? ಮೂರನೆಯ ದುಂಡುಮೇಜಿನ ಪರಿಷತ್ತು ಲಂಡನ್ನಿನಲ್ಲಿ ನಡೆಯುತ್ತಿದ್ದ, ಗಾಂಧೀಜಿ ಸೆರೆಮನೆಯಲ್ಲಿದ್ದ ವರ್ಷ ಅದು. ಡೆಹ್ರಾಡೂನಿನಿಂದ ಹೊರಬಂದ ಭಾರತೀಯ ಅಧಿಕಾರಿಗೆ ಸ್ಯಾಂಡ್‌ಹರ್ಸ್ಟ್‌ನಿಂದ ಬಂದವನಿಗಿಂತ ಸಂಬಳವೂ ಕಡಿಮೆ. ಗೊತ್ತುಮಾಡಿದ ಕೆಲವೇ ಪಡೆಗಳಲ್ಲಿ ಅವನಿಗೆ ಜಾಗ. ಅದುವರೆಗೆ ಸುಬೇದಾರರೂ ಜಮಾದಾರರೂ ನಡೆಸುತ್ತಿದ್ದ ಪ್ಲಟೂನೇ ಅವನ ಪಾಲಿಗೆ. ಸಾಯುವ ಹಕ್ಕಿನಲ್ಲಿ ಮಾತ್ರ ಪೂರ್ತಿ ಸಮಾನತೆಯಿತ್ತು ಎನ್ನಬೇಕು.

ಮೊದಲ ತಂಡದ ಆ 40 ಮಂದಿಯಲ್ಲಿ ಮೂವರ ಹೆಸರನ್ನು ನೆನಪಿಡಿ. ಅಮೃತಸರದ ಪಾರ್ಸಿ ಹುಡುಗ ಸ್ಯಾಮ್ ಮಾಣೆಕ್‌ಶಾ, ಕ್ವೆಟ್ಟಾದ ಹಜಾರಾ ಜನಾಂಗದ ಮೊಹಮ್ಮದ್ ಮೂಸಾ, ಬರ್ಮಾದ ಕರೆನ್ ಜನಾಂಗದ ಸ್ಮಿತ್ ಡನ್. ಒಂದೇ ಭೋಜನಶಾಲೆಯಲ್ಲಿ ಉಂಡ ಈ ಮೂವರು ಮುಂದೆ ಮೂರು ಬೇರೆ ಬೇರೆ ದೇಶಗಳ ಸೇನಾ ಮುಖ್ಯಸ್ಥರಾದರು. ಸ್ಮಿತ್ ಡನ್ ಸ್ವತಂತ್ರ ಬರ್ಮಾದ ಸೇನೆಯ ನಾಯಕರಾದದ್ದು 1948ರಲ್ಲಿ. ಮರುವರ್ಷವೇ ಕರೆನ್ ಜನರ ಬಂಡಾಯ ಆರಂಭವಾದಾಗ, ಹುಟ್ಟಿದ ಜನಾಂಗದ ಕಾರಣಕ್ಕಾಗಿ ಅಧಿಕಾರದಿಂದ ಇಳಿಯಬೇಕಾಯಿತು. ಮೂಸಾ 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇನೆಯನ್ನು ನಡೆಸಿದರು. ಆಗ ಪಶ್ಚಿಮದ ಗಡಿಯಲ್ಲಿ ಅವರನ್ನು ಎದುರಿಸಿದ ನಮ್ಮ ಹರ್‌ಬಕ್ಷ್ ಸಿಂಗ್ ಕೂಡ ಅದೇ ಡೆಹ್ರಾಡೂನಿನ ಆರಂಭದ ವರ್ಷಗಳ ವಿದ್ಯಾರ್ಥಿ. ಮಾಣೆಕ್‌ಶಾ ಅವರ ಕಥೆ ನಿಮಗೆ ಗೊತ್ತಿದೆ. ಆದರೆ ಅವರು 1971ರವರೆಗೆ ಬದುಕಿ ಬಂದದ್ದೇ ಒಂದು ಆಕಸ್ಮಿಕ.

1942ರ ಫೆಬ್ರುವರಿ 22. ಬರ್ಮಾದ ಸಿತ್ತಾಂಗ್ ನದಿಯ ದಡ. ಜಪಾನೀಯರು ಬೆನ್ನಟ್ಟಿ ಬರುತ್ತಿದ್ದಾರೆ, ದಾಟಲು ಇರುವುದು ಒಂದೇ ರೈಲು ಸೇತುವೆ. ಅದರ ರಕ್ಷಣೆಗಾಗಿ ತನ್ನ ಕಂಪನಿಯನ್ನು ಪ್ರತಿದಾಳಿಗೆ ಕರೆದೊಯ್ದ 27 ವರ್ಷದ ಮಾಣೆಕ್‌ಶಾ ಅವರ ಹೊಟ್ಟೆಗೆ ಮಷಿನ್‌ಗನ್ನಿನ ಗುಂಡುಗಳು ಹೊಕ್ಕವು. ಅವರ ಅರ್ದಲಿ ಶೇರ್ ಸಿಂಗ್ ಹೊತ್ತು ತರದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಬದುಕಲಾರರೆಂದು ಬಗೆದ ಜನರಲ್ ಕೋವನ್ ತಮ್ಮ ಎದೆಯ ಮೇಲಿದ್ದ ಮಿಲಿಟರಿ ಕ್ರಾಸ್ ಪಟ್ಟಿಯನ್ನೇ ತೆಗೆದು ಅವರಿಗೆ ಚುಚ್ಚಿದರೆಂದು ಹೇಳುತ್ತಾರೆ. ಮಡಿದವರಿಗೆ ಆ ಪದಕ ಕೊಡುವ ಪದ್ಧತಿ ಇರಲಿಲ್ಲ! ಮರುದಿನ ನಸುಕಿನಲ್ಲಿ ಸೇತುವೆಯನ್ನು ಸಿಡಿಸಿದಾಗ ಆ ಡಿವಿಷನ್ನಿನ ಬಹುಭಾಗ ಇನ್ನೂ ಆಚೆ ದಡದಲ್ಲೇ ಇತ್ತು. ಸೈನಿಕರು ಬಂದೂಕು ಬಿಸುಟು ಈಜಿದರು. ಈಜು ಬಾರದವರು ಮುಳುಗಿದರು.

ಅದೇ ಫೆಬ್ರುವರಿ 22ರಂದು ಇನ್ನೊಬ್ಬ ಹುಡುಗ ಡೆಹ್ರಾಡೂನಿನ ತರಬೇತಿ ಮುಗಿಸಿ ಅಧಿಕಾರಿಯಾದ. ಹೆಸರು ಸೋಮನಾಥ ಶರ್ಮ. ಅವನ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಯುದ್ಧ ಬಂದರೆ ಅಕಾಡೆಮಿಯ ಪಾಠಪಟ್ಟಿಯೇ ಮೊಟಕಾಗುತ್ತದೆ. ಎರಡನೆಯ ಮಹಾಯುದ್ಧ ಶುರುವಾದಾಗ ಭಾರತೀಯ ಸೇನೆಯಲ್ಲಿ ಸುಮಾರು ಎರಡು ಲಕ್ಷ ಜನರಿದ್ದರೆ ಮುಗಿಯುವ ಹೊತ್ತಿಗೆ 25 ಲಕ್ಷದಷ್ಟಾಗಿದ್ದರು. ಇಷ್ಟು ಜನಕ್ಕೆ ಅಧಿಕಾರಿಗಳು ಎಲ್ಲಿಂದ ಬರಬೇಕು? ಎರಡೂವರೆ ವರ್ಷದ ಪಾಠವನ್ನು ತಿಂಗಳುಗಳಿಗೆ ಇಳಿಸಿ, 'ತುರ್ತು ಕಮಿಷನ್' ಎಂಬ ಹೆಸರಿನಲ್ಲಿ ಹುಡುಗರನ್ನು ಹೊರಗೆ ಕಳಿಸಿದರು. ಮಹೂ, ಬೆಳಗಾವಿ, ಬೆಂಗಳೂರುಗಳಲ್ಲೂ ಅಧಿಕಾರಿಗಳ ತರಬೇತಿ ಶಾಲೆಗಳು ತೆರೆದವು. 1971ರಲ್ಲಿ ಢಾಕಾದಲ್ಲಿ ಶರಣಾದ ಜನರಲ್ ನಿಯಾಜಿ ಬೆಂಗಳೂರಿನ ಆ ಶಾಲೆಯಲ್ಲಿ ತರಬೇತಿಯಾದವರೇ. ಅವರ ಶರಣಾಗತಿಯನ್ನು ಸ್ವೀಕರಿಸಿದ ಜನರಲ್ ಅರೋರಾ 1939ರಲ್ಲಿ ಡೆಹ್ರಾಡೂನಿನಿಂದ ಹೊರಬಂದವರು.

ಭೌತಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಯುದ್ಧದ ಕಥೆಗಳಲ್ಲಿ ಬಹಳ ಹಿಡಿಸಿದ್ದು ಪ್ರೇಮ್ ಭಗತ್ ಅವರದು. ಡೆಹ್ರಾಡೂನಿನಿಂದ 1939ರಲ್ಲಿ ಬಂದ ಎಂಜಿನಿಯರ್ ದಳದ ಅಧಿಕಾರಿ ಅವರು. 1941ರ ಜನವರಿ ಕೊನೆಯಲ್ಲಿ, ಸೂಡಾನ್ ಗಡಿಯಿಂದ ಗೊಂಡಾರ್ ಕಡೆಗೆ ಹೋಗುವ ಇಥಿಯೋಪಿಯದ ರಸ್ತೆಯಲ್ಲಿ, ಹಿಮ್ಮೆಟ್ಟುತ್ತಿದ್ದ ಇಟಲಿಯ ಸೇನೆ ನೆಲಬಾಂಬುಗಳನ್ನು ಹೂತುಹೋಗಿತ್ತು. ವಾಹನಗಳನ್ನು ಉರುಳಿಸುವ ನೆಲಬಾಂಬಿನ ತತ್ತ್ವ ಬಹಳ ಸರಳ. ಮೇಲೆ ಒತ್ತಡ ಒಂದು ಮಿತಿ ಮೀರಿದರೆ ಸಿಡಿಯುತ್ತದೆ, ಮೀರದಿದ್ದರೆ ಸುಮ್ಮನಿರುತ್ತದೆ. ಆದರೆ ಎಲ್ಲಿದೆ ಎಂದು ಹುಡುಕುವ ಉಪಕರಣ ಆಗ ಹೆಚ್ಚಿಗೆ ಏನಿತ್ತು? ಕಣ್ಣು, ಬೆರಳು, ಬಂದೂಕಿನ ಸನೀನು. 22 ವರ್ಷದ ಭಗತ್ ಪಡೆಯ ಮುಂಚೂಣಿಯ ವಾಹನದಲ್ಲಿ ಕುಳಿತು, ನಾಲ್ಕು ದಿನ ಬೆಳಗಿನಿಂದ ಸಂಜೆಯವರೆಗೆ 55 ಮೈಲಿ ದೂರದಲ್ಲಿ 15 ನೆಲಬಾಂಬು ಕ್ಷೇತ್ರಗಳನ್ನು ಪತ್ತೆಮಾಡಿ ತೆರವುಗೊಳಿಸಿದರು. ಎರಡು ಸಲ ಅವರ ವಾಹನವೇ ಸಿಡಿದು ಜೊತೆಗಿದ್ದವರು ಸತ್ತರು. ಒಂದು ಕಿವಿಯ ತಮಟೆ ಹರಿದುಹೋಯಿತು. ಬದಲಿ ಕಳಿಸುತ್ತೇವೆ ಎಂದರೂ ಒಪ್ಪಲಿಲ್ಲ. ದಾರಿ ಈಗ ನನಗೆ ಗೊತ್ತಾಗಿದೆ, ಹೊಸಬ ಮೊದಲಿನಿಂದ ಕಲಿಯಬೇಕಾಗುತ್ತದೆ ಎಂಬುದು ಅವರ ಲೆಕ್ಕವಿರಬೇಕೆಂದು ನಾನು ಊಹಿಸುತ್ತೇನೆ. ಆ ಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಅಧಿಕಾರಿ ಅವರು. ನಮ್ಮ ಹುಡುಗಿಯ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ. ಯುದ್ಧಭೂಮಿಯಲ್ಲಿ ಜ್ಞಾನ ಇರಬೇಕಾದ ಜಾಗ ಹಿಂದಲ್ಲ, ಅಪಾಯ ಎಲ್ಲಿದೆಯೋ ಅಲ್ಲಿ. ಹಿಂದೆ ಕೂತವನಿಗೆ ನೆಲ ಕಾಣಿಸುವುದಿಲ್ಲ.

ಎಲ್ಲರ ತ್ಯಾಗವೂ ರಕ್ತದ ಲೆಕ್ಕದಲ್ಲಿ ಬರುವುದಿಲ್ಲ ಎಂಬುದನ್ನೂ ಹೇಳಬೇಕು. 1942ರ ಫೆಬ್ರುವರಿ 15ರಂದು ಸಿಂಗಪುರ ಬಿದ್ದಾಗ ಸೆರೆಯಾದ ಸಾವಿರಾರು ಭಾರತೀಯರಲ್ಲಿ ಡೆಹ್ರಾಡೂನಿನವರೂ ಇದ್ದರು. ರಾಜನಿಗೆ ಕೊಟ್ಟ ವಚನ ದೊಡ್ಡದೋ, ನಾಡಿನ ಸ್ವಾತಂತ್ರ್ಯ ದೊಡ್ಡದೋ ಎಂಬ ಪ್ರಶ್ನೆ ಅವರನ್ನು ಎರಡಾಗಿ ಸೀಳಿತು. ಆಜಾದ್ ಹಿಂದ್ ಫೌಜ್ ಸೇರಿದ ಷಾ ನವಾಜ್ ಖಾನ್, ಪ್ರೇಮ್ ಸಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಈ ಮೂವರೂ ಆ ಅಕಾಡೆಮಿಯಿಂದ ಬಂದವರು. 1945ರ ಕೊನೆಯಲ್ಲಿ ಕೆಂಪು ಕೋಟೆಯ ವಿಚಾರಣೆಯಲ್ಲಿ ನಿಂತವರು ಇವರೇ. ಜನ ಬೀದಿಗಿಳಿದದ್ದರಿಂದ ಜೀವಾವಧಿ ಶಿಕ್ಷೆ ರದ್ದಾಯಿತು, ಸೇನೆಯಿಂದ ವಜಾ ಆದದ್ದು ಉಳಿಯಿತು. ಸೇರದೆ ಸೆರೆಶಿಬಿರದಲ್ಲೇ ಉಳಿದು ಹಸಿವೆ, ಮಲೇರಿಯಾಗಳಿಗೆ ತುತ್ತಾದವರೂ ತಮ್ಮ ವಚನಕ್ಕಾಗಿಯೇ ಕಷ್ಟಪಟ್ಟರು. ಇವರಲ್ಲಿ ಒಬ್ಬರನ್ನು ಹೊಗಳಲು ಇನ್ನೊಬ್ಬರನ್ನು ತೆಗಳುವುದು ನನಗೆ ಸರಿಕಾಣುವುದಿಲ್ಲ.

1947ರಲ್ಲಿ ಅಕಾಡೆಮಿಯೂ ಒಡೆಯಿತು. ಪಾಕಿಸ್ತಾನವನ್ನು ಆರಿಸಿಕೊಂಡ ಕ್ಯಾಡೆಟ್‌ಗಳು ಅಕ್ಟೋಬರಿನಲ್ಲಿ ಹೊರಟುಹೋದರು. ಅವರಿಗಾಗಿ ಮುಂದಿನ ಜನವರಿಯಲ್ಲಿ ಕಾಕುಲ್‌ನಲ್ಲಿ ಬೇರೆ ಅಕಾಡೆಮಿ ತೆರೆಯಿತು. ವಿದಾಯದ ಊಟ ಉಂಡ ಕೆಲವೇ ದಿನಗಳಲ್ಲಿ ಕಾಶ್ಮೀರದಲ್ಲಿ ಗುಂಡು ಹಾರತೊಡಗಿತ್ತು.

ಈಗ ಸೋಮನಾಥ ಶರ್ಮರ ವಿಚಾರ. ಮೇಜರ್ ಆಗಿದ್ದ ಅವರ ಎಡಗೈ ಹಾಕಿ ಆಡುವಾಗ ಮುರಿದು ಪ್ಲಾಸ್ಟರಿನಲ್ಲಿತ್ತು. ಆಸ್ಪತ್ರೆಯ ಚೀಟಿ ತೋರಿಸಿ ಹಿಂದೆ ಉಳಿಯುವ ಎಲ್ಲ ಹಕ್ಕೂ ಅವರಿಗಿತ್ತು. ಹಟಹಿಡಿದು ತಮ್ಮ ಕಂಪನಿಯೊಂದಿಗೆ ಶ್ರೀನಗರಕ್ಕೆ ವಿಮಾನದಲ್ಲಿ ಹೋದರು. ನವೆಂಬರ್ 3ರಂದು ವಿಮಾನ ನಿಲ್ದಾಣಕ್ಕೆ ಸಮೀಪದ ಬದ್ಗಾಮ್ ಹಳ್ಳಿಯಲ್ಲಿ ಅವರ ಕುಮಾವೂಂ ಕಂಪನಿಯ ಮೇಲೆ ಹಲವು ಪಟ್ಟು ಹೆಚ್ಚಿದ್ದ ದಾಳಿಕಾರರು ಮೂರು ಕಡೆಯಿಂದ ಮುಗಿಬಿದ್ದರು. ಆ ನಿಲ್ದಾಣ ಕೈತಪ್ಪಿದರೆ ಮುಂದಿನ ತುಕಡಿ ಇಳಿಯಲು ಜಾಗವೇ ಇರುತ್ತಿರಲಿಲ್ಲ. ಒಂದು ಕೈ ನಡೆಯದು, ಬಂದೂಕು ಹಿಡಿಯಲಾಗದು. ಆದ್ದರಿಂದ ಅವರು ಮಾಡಿದ್ದು ಒಂದು ಸಣ್ಣ ಕೆಲಸ. ಮಷಿನ್‌ಗನ್ನುಗಳ ಮ್ಯಾಗಜೀನಿಗೆ ಗುಂಡು ತುಂಬಿ ತುಂಬಿ ಸೈನಿಕರಿಗೆ ಕೊಡುತ್ತಾ ಓಡಾಡಿದರು. ವೈರಿ 50 ಗಜದಲ್ಲಿದ್ದಾನೆ, ನಾವು ಸಂಖ್ಯೆಯಲ್ಲಿ ಬಹಳ ಕಡಿಮೆ, ಆದರೂ ಹಿಂದೆ ಸರಿಯುವುದಿಲ್ಲ ಎಂಬ ಅರ್ಥದ ಸಂದೇಶವನ್ನು ಬ್ರಿಗೇಡಿಗೆ ಕಳಿಸಿದ ಸ್ವಲ್ಪ ಹೊತ್ತಿಗೆ ಪಕ್ಕದ ಮದ್ದಿನ ರಾಶಿಯ ಮೇಲೆ ಮಾರ್ಟರ್ ಶೆಲ್ ಬಿತ್ತು. ಅವರಿಗಾಗ 24 ವರ್ಷ. ಅವರ ಕಂಪನಿ ನೆರವು ಬರುವವರೆಗೂ ಸುಮಾರು ಆರು ಗಂಟೆ ತಡೆದು ನಿಂತಿತು.

ಪರಮವೀರ ಚಕ್ರವನ್ನು ಸ್ಥಾಪಿಸಿದ್ದು 1950ರ ಜನವರಿ 26ರಂದು. ಮೊದಲನೆಯದು ಶರ್ಮರಿಗೆ ಸಂದಿತು. ಆ ಪದಕದ ವಿನ್ಯಾಸ ಮಾಡಿದವರು ಭಾರತವನ್ನೇ ತಮ್ಮ ದೇಶ ಮಾಡಿಕೊಂಡ ಯೂರೋಪಿನ ಹೆಣ್ಣುಮಗಳು ಸಾವಿತ್ರಿ ಖಾನೋಲ್ಕರ್. ಅವರ ಮಗಳನ್ನು ಮದುವೆಯಾಗಿದ್ದವರು ಸೋಮನಾಥರ ತಮ್ಮನೇ. ಕಥೆಗಾರ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದಿರಿ. ಇನ್ನೊಬ್ಬ ತಮ್ಮ ವಿಶ್ವನಾಥ ಶರ್ಮ 1988ರಲ್ಲಿ ಭೂಸೇನೆಯ ಮುಖ್ಯಸ್ಥರಾದರು.

ಮುಂದೆ ಮೂರೂ ಪಡೆಗಳ ಹುಡುಗರು ಒಟ್ಟಿಗೆ ಕಲಿಯಲೆಂದು ಪುಣೆಯ ಹತ್ತಿರ ಖಡಕ್‌ವಾಸ್ಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಬಂತು. ವಿಧ್ಯುಕ್ತ ಆರಂಭ 1955ರ ಜನವರಿಯಲ್ಲಿ. ಅಲ್ಲಿಯ ದೊಡ್ಡ ಗುಮ್ಮಟದ ಕಟ್ಟಡಕ್ಕೆ 'ಸೂಡಾನ್ ಬ್ಲಾಕ್' ಎಂಬ ಹೆಸರೇಕೆ ಎಂದು ಕೇಳುವವರುಂಟು. ಮಹಾಯುದ್ಧದಲ್ಲಿ ಸೂಡಾನಿನ ರಕ್ಷಣೆಗಾಗಿ ಮಡಿದ ಭಾರತೀಯರ ನೆನಪಿಗೆ ಅಲ್ಲಿನ ಸರ್ಕಾರ ಕೊಟ್ಟ ಹಣ ಅದರಲ್ಲಿ ಸೇರಿದೆ. ಖಡಕ್‌ವಾಸ್ಲಾದ ಪರಂಪರೆಯಿಂದ ಬಂದು ಪರಮವೀರ ಚಕ್ರ ಪಡೆದ ಮೊದಲಿಗ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಬಾಲ್ಯದಲ್ಲಿ ಒಂದು ವರ್ಷ ನಮ್ಮ ಬೆಂಗಳೂರಿನ ಕಿಂಗ್ ಜಾರ್ಜ್ ಸೈನಿಕ ಶಾಲೆಯಲ್ಲಿ ಓದಿದವರು. ಅವರು ಮಡಿದದ್ದು ಭಾರತದ ಗಡಿಯಲ್ಲೂ ಅಲ್ಲ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ, ಆಫ್ರಿಕದ ಕಾಂಗೋದಲ್ಲಿ, 1961ರ ಡಿಸೆಂಬರ್ 5ರಂದು. 26 ವರ್ಷದ ಆ ಗೂರ್ಖಾ ಅಧಿಕಾರಿ ಹದಿನಾರು ಜನರೊಂದಿಗೆ ಸುಮಾರು ತೊಂಬತ್ತು ಜನರ ಮೇಲೆ ಏರಿಹೋಗಿದ್ದರು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಹುಡುಗನ ವಿಚಾರಕ್ಕೆ ಬರುತ್ತೇನೆ. ಹುಡುಗ ಎಂದೇ ಬರೆಯುತ್ತೇನೆ. 21 ವರ್ಷದವನನ್ನು ಬೇರೇನೆಂದು ಕರೆಯಲಿ?

ಅರುಣ್ ಖೇತ್ರಪಾಲ್ ಹುಟ್ಟಿದ್ದು 1950ರ ಅಕ್ಟೋಬರಿನಲ್ಲಿ ಪುಣೆಯಲ್ಲಿ. ತಂದೆ ಎಂಜಿನಿಯರ್ ದಳದ ಅಧಿಕಾರಿ. ಅಜ್ಜ ಮೊದಲ ಮಹಾಯುದ್ಧದಲ್ಲಿ ಹೋರಾಡಿದವರು. ಖಡಕ್‌ವಾಸ್ಲಾ, ಡೆಹ್ರಾಡೂನ್ ಎರಡೂ ಕಡೆ ಕಲಿತು 1971ರ ಜೂನ್ 13ರಂದು 17 ಪೂನಾ ಹಾರ್ಸ್ ಎಂಬ ಟ್ಯಾಂಕ್ ರೆಜಿಮೆಂಟಿಗೆ ಸೆಕೆಂಡ್ ಲೆಫ್ಟಿನೆಂಟ್ ಆಗಿ ಸೇರಿದ. ಹೊಸ ಅಧಿಕಾರಿಗಳಿಗೆ ಟ್ಯಾಂಕ್ ಯುದ್ಧ ಕಲಿಸುವ ಅಹಮದ್‌ನಗರದ ತರಬೇತಿ ಅರ್ಧದಲ್ಲಿದ್ದಾಗಲೇ ಯುದ್ಧದ ಮೋಡ ಕವಿಯಿತು. ಪಾಠ ನಿಲ್ಲಿಸಿ ಎಲ್ಲರನ್ನೂ ಅವರವರ ರೆಜಿಮೆಂಟಿಗೆ ಕಳಿಸಿದರು. ಹೋಗುವ ದಾರಿಯಲ್ಲಿ ದೆಹಲಿಯ ಮನೆಗೆ ಬಂದ ಹುಡುಗ ಗಾಲ್ಫ್ ಕೋಲುಗಳನ್ನೂ ವಿಧ್ಯುಕ್ತ ಭೋಜನದ ನೀಲಿ ಉಡುಪನ್ನೂ ಪೆಟ್ಟಿಗೆಗೆ ತುಂಬಿಕೊಂಡನಂತೆ. ಏಕೆಂದು ಕೇಳಿದರೆ ಲಾಹೋರಿನಲ್ಲಿ ಗಾಲ್ಫ್ ಆಡಬೇಕು, ಗೆದ್ದ ಮೇಲೆ ಔತಣ ಇರುತ್ತದಲ್ಲ ಎಂಬ ಉತ್ತರ. ಆ ವಯಸ್ಸಿನಲ್ಲಿ ನಾನು ಬಿ.ಎಸ್ಸಿ. ಪ್ರಯೋಗ ಪರೀಕ್ಷೆಗೆ ಹೆದರಿಕೊಂಡು ಕೂತಿದ್ದೆ.

ಪಶ್ಚಿಮ ರಂಗದ ಶಕರ್‌ಗಢ ಪ್ರದೇಶದಲ್ಲಿ ಬಸಂತರ್ ಎಂಬ ಹೊಳೆಯಿದೆ. ಡಿಸೆಂಬರ್ 15ರ ರಾತ್ರಿ ನಮ್ಮ ಕಾಲಾಳುಗಳು ಅದನ್ನು ದಾಟಿ ಆಚೆ ದಡದಲ್ಲಿ ನೆಲೆಯೂರಿದರು. ಟ್ಯಾಂಕುಗಳ ಬೆಂಬಲವಿಲ್ಲದೆ ಬೆಳಗಾದರೆ ವೈರಿಯ ಟ್ಯಾಂಕುಗಳು ಅವರನ್ನು ಉತ್ತುಬಿಡುತ್ತಿದ್ದವು. ಮಧ್ಯದಲ್ಲಿ ದಟ್ಟವಾದ ನೆಲಬಾಂಬು ಕ್ಷೇತ್ರ. ಎಂಜಿನಿಯರುಗಳು ದಾರಿ ಬಿಡಿಸುವ ಕೆಲಸ ಅರ್ಧವಾಗಿತ್ತು. ಅಷ್ಟರಲ್ಲಿ ಆಚೆಯಿಂದ ಟ್ಯಾಂಕುಗಳ ಸದ್ದು ಕೇಳುತ್ತಿದೆ ಎಂಬ ಸುದ್ದಿ. ಕರ್ನಲ್ ಹನುತ್ ಸಿಂಗ್ ನಾಯಕತ್ವದ ಪೂನಾ ಹಾರ್ಸ್, ದಾರಿ ಪೂರ್ತಿಯಾಗುವುದನ್ನು ಕಾಯದೆ ಆ ಕ್ಷೇತ್ರದ ಮೇಲೆಯೇ ಟ್ಯಾಂಕು ನಡೆಸಿಕೊಂಡು ಹೋಯಿತು.

ಇಲ್ಲಿ ಟ್ಯಾಂಕಿನ ಬಗ್ಗೆ ಎರಡು ಮಾತು ಹೇಳಬೇಕು. ಸೆಂಚೂರಿಯನ್ ಟ್ಯಾಂಕು ಸುಮಾರು 50 ಟನ್ ತೂಕದ ಯಂತ್ರ. ಒಳಗೆ ನಾಲ್ವರು. ಒಬ್ಬ ಓಡಿಸುತ್ತಾನೆ, ಒಬ್ಬ ಶೆಲ್ ತುಂಬುತ್ತಾನೆ, ಒಬ್ಬ ಗುರಿಯಿಟ್ಟು ಹೊಡೆಯುತ್ತಾನೆ, ಕಮಾಂಡರ್ ನೋಡುತ್ತಾನೆ. ಈ ನೋಡುವ ಕೆಲಸವೇ ಅತ್ಯಂತ ಅಪಾಯಕಾರಿ. ಮುಚ್ಚಳ ಹಾಕಿಕೊಂಡರೆ ಪೆರಿಸ್ಕೋಪಿನ ಗಾಜಿನಲ್ಲಿ ಜಗತ್ತು ಒಂದು ಸಣ್ಣ ಪಟ್ಟಿಯಂತೆ ಕಾಣುತ್ತದೆ. ಧೂಳು, ಹೊಗೆ ಕವಿದರೆ ಅದೂ ಇಲ್ಲ. ಮೊದಲು ಕಂಡವನು ಮೊದಲು ಹೊಡೆಯುತ್ತಾನೆ, ಮೊದಲು ಹೊಡೆದವನು ಬದುಕುತ್ತಾನೆ. ಆದ್ದರಿಂದ ಕಮಾಂಡರ್ ಮುಚ್ಚಳ ತೆರೆದು ತಲೆ, ಹೆಗಲು ಹೊರಗೆ ಹಾಕಿ ನಿಂತಿರಬೇಕಾಗುತ್ತದೆ. ನಾಲ್ಕು ಜನರ ಜೀವ ಉಳಿಸುವ ನೋಟಕ್ಕಾಗಿ ಉಕ್ಕಿನ ಕವಚದ ಹೊರಗೆ ನಿಲ್ಲುವ ಒಬ್ಬನೇ ಒಬ್ಬ ಅವನು. ಮುಂದೆ ಏಕೆ ಕಳಿಸುತ್ತಾರೆ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಚಿತ್ರವನ್ನು ನಾನು ಕಂಡಿಲ್ಲ.

ಅರುಣನ ಟ್ಯಾಂಕಿನ ಹೆಸರು 'ಫಾಮಾಗುಸ್ತಾ'. ಅದು ಸೈಪ್ರಸ್ ದ್ವೀಪದ ಒಂದು ಬಂದರು. (ಅದೇ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ನಾಯಕರಾಗಿದ್ದಾಗ ನಮ್ಮ ಜನರಲ್ ತಿಮ್ಮಯ್ಯನವರು 1965ರ ಡಿಸೆಂಬರಿನಲ್ಲಿ ತೀರಿಕೊಂಡರು.) 16ರ ಬೆಳಗ್ಗೆ ಪಾಕಿಸ್ತಾನದ 13 ಲ್ಯಾನ್ಸರ್ಸ್ ರೆಜಿಮೆಂಟಿನ ಪ್ಯಾಟನ್ ಟ್ಯಾಂಕುಗಳು ಹೊಗೆಯ ಮರೆಯಲ್ಲಿ ಒಂದರ ಹಿಂದೊಂದು ಪ್ರತಿದಾಳಿಗೆ ಬಂದವು. ಪಕ್ಕದ ಸ್ಕ್ವಾಡ್ರನ್ ನೆರವು ಕೇಳಿತು. ಅರುಣ್ ತನ್ನ ಟ್ಯಾಂಕುಗಳೊಂದಿಗೆ ಧಾವಿಸಿದ. ದಾರಿಯಲ್ಲಿ ಅಡ್ಡಬಂದ ವೈರಿಯ ನೆಲೆಗಳನ್ನು ತುಳಿದುಕೊಂಡೇ ಹೋದ. ಆಮೇಲೆ ನಡೆದ ಟ್ಯಾಂಕುಗಳ ಕಾಳಗದಲ್ಲಿ ಜೊತೆಯ ಟ್ಯಾಂಕುಗಳು ಒಂದೊಂದಾಗಿ ಕೆಟ್ಟು ನಿಂತವು. ಅವನ ಟ್ಯಾಂಕಿಗೂ ಪೆಟ್ಟು ಬಿದ್ದು ಬೆಂಕಿ ಹತ್ತಿತು. ಇಳಿದು ಬಾ ಎಂದು ರೇಡಿಯೋದಲ್ಲಿ ಆಜ್ಞೆ ಬಂತು. ನನ್ನ ಫಿರಂಗಿ ಇನ್ನೂ ಕೆಲಸ ಮಾಡುತ್ತಿದೆ, ಬಿಟ್ಟುಬರುವುದಿಲ್ಲ ಎಂಬ ಅರ್ಥದ ಉತ್ತರ ಕೊಟ್ಟು ಅವನು ರೇಡಿಯೋ ಬಂದ್ ಮಾಡಿದ. ಆ ಕಾಳಗದಲ್ಲಿ ನಾಶವಾದ ಹತ್ತು ಟ್ಯಾಂಕುಗಳಲ್ಲಿ ನಾಲ್ಕು ಅವನೇ ಹೊಡೆದವು ಎಂದು ಪ್ರಶಸ್ತಿ ಪತ್ರ ಹೇಳುತ್ತದೆ. ಕೊನೆಯದು ಕೇವಲ ನೂರು ಮೀಟರಿನಲ್ಲಿತ್ತು. ಆಗಲೇ ಫಾಮಾಗುಸ್ತಾಕ್ಕೆ ಎರಡನೆಯ ಪೆಟ್ಟು ಬಿತ್ತು. ಶೆಲ್ ತುಂಬುತ್ತಿದ್ದ ನಂದ್ ಸಿಂಗ್ ಅದೇ ಟ್ಯಾಂಕಿನಲ್ಲಿ ಮಡಿದ. ಅವನ ಹೆಸರನ್ನು ನಮ್ಮ ಕಾರ್ಯಕ್ರಮದಲ್ಲೂ ಹೇಳಲಿಲ್ಲ. ಇಲ್ಲಾದರೂ ಹೇಳುತ್ತಿದ್ದೇನೆ.

ಆಜ್ಞೆ ಮೀರಿದ್ದು ಸರಿಯೇ? ಅಕಾಡೆಮಿ ಮೊದಲು ಕಲಿಸುವುದು ಆಜ್ಞಾಪಾಲನೆಯನ್ನು. ನನ್ನ ಮಟ್ಟಿಗೆ ಇದರಲ್ಲಿ ವಿರೋಧವಿಲ್ಲ. ಆ ಹೊತ್ತಿನಲ್ಲಿ ದಡದ ಕಾಲಾಳುಗಳಿಗೂ ಪ್ಯಾಟನ್‌ಗಳಿಗೂ ನಡುವೆ ಇದ್ದದ್ದು ಇಂಥ ಕೆಲವೇ ಫಿರಂಗಿಗಳು. ಅವುಗಳಲ್ಲಿ ಒಂದು ಕಡಿಮೆಯಾದರೆ ಏನಾಗುತ್ತದೆ ಎಂಬುದು ಆಜ್ಞೆ ಕೊಟ್ಟವರಿಗಿಂತ ಅಲ್ಲಿ ನಿಂತವನಿಗೆ ಹೆಚ್ಚು ಗೊತ್ತಿತ್ತು. ಆದರೆ ಅವನನ್ನು ಪೂರ್ತಿ ಕಲಿಸದೆ ಕಳಿಸಿದ್ದೂ ನಿಜ. ವಿಜಯದ ಕಥೆ ಹೇಳುವಾಗ ನಾವು ಇದನ್ನು ಮರೆಯುತ್ತೇವೆ.

ತಾರೀಖನ್ನು ಮತ್ತೊಮ್ಮೆ ನೋಡಿ. ಡಿಸೆಂಬರ್ 16. ಅದೇ ದಿನ ಸಂಜೆ ಢಾಕಾದಲ್ಲಿ ನಿಯಾಜಿ ಸಹಿ ಹಾಕಿದರು. ದೇಶವೆಲ್ಲ ಸಿಹಿ ಹಂಚಿತು. ಮರುದಿನ ರಾತ್ರಿ 8 ಗಂಟೆಗೆ ಪಶ್ಚಿಮದಲ್ಲೂ ಕದನವಿರಾಮ. ಯುದ್ಧ ಮುಗಿಯಿತೆಂದು ರೇಡಿಯೋ ಸಾರಿದ ಮೇಲೆ, ಇನ್ನೇನು ಮಗ ಬರುತ್ತಾನೆ ಎಂದು ಕಾಯುತ್ತಿದ್ದ ಮನೆಗೆ ತಂತಿ ಬಂತು.

ಬಸಂತರ್ ದಡದಲ್ಲಿ ಶೌರ್ಯ ಒಂದೇ ಕಡೆ ಇರಲಿಲ್ಲ. 17ರ ಬೆಳಗ್ಗೆ ಪಾಕಿಸ್ತಾನದ 35 ಫ್ರಂಟಿಯರ್ ಫೋರ್ಸ್ ಪಡೆಯ ನಾಯಕ ಕರ್ನಲ್ ಅಕ್ರಂ ರಾಜಾ ತಮ್ಮವರ ಮುಂದೆ ನಿಂತು ನಮ್ಮ 3 ಗ್ರೆನೇಡಿಯರ್ಸ್ ಮೇಲೆ ಏರಿಬಂದು ಮಡಿದರು. ಕದನ ನಿಂತ ಮೇಲೆ ನಮ್ಮ ಪಡೆಯ ನಾಯಕ ಕರ್ನಲ್ ಏರಿ ಅವರು ಆ ಶೌರ್ಯವನ್ನು ಮೆಚ್ಚಿ ಬರೆದುಕೊಟ್ಟರು. ಪಾಕಿಸ್ತಾನ ರಾಜಾ ಅವರಿಗೆ ಹಿಲಾಲ್-ಎ-ಜುರತ್ ಕೊಟ್ಟಿತು.

1999ರ ಕಾರ್ಗಿಲ್ ಕಾಳಗ ನಿಮ್ಮ ಮನೆಯ ಹಿರಿಯರು ಟಿವಿಯಲ್ಲಿ ಕಂಡದ್ದು. ಅದನ್ನು ಚಿಕ್ಕದಾಗಿ ಹೇಳುತ್ತೇನೆ. ತೋಲೋಲಿಂಗ್ ಶಿಖರವನ್ನು ಜೂನ್ 13ರ ಬೆಳಗಿನ ಜಾವ ಗೆದ್ದ 2 ರಾಜಪುತಾನಾ ರೈಫಲ್ಸ್ ಪಡೆಯ ನಾಯಕ ಕರ್ನಲ್ ಎಂ.ಬಿ. ರವೀಂದ್ರನಾಥ್ ಕನ್ನಡಿಗರು. 1963ರಲ್ಲಿ ಆರಂಭವಾದ ಬಿಜಾಪುರದ ಸೈನಿಕ ಶಾಲೆಯ ವಿದ್ಯಾರ್ಥಿ. 2018ರಲ್ಲಿ ತೀರಿಕೊಂಡರು. ಅವರ ಪಡೆಯಲ್ಲಿ ಕ್ಯಾಪ್ಟನ್ ವಿಜಯಂತ್ ಥಾಪರ್ ಎಂಬ 22 ವರ್ಷದ ಅಧಿಕಾರಿಯಿದ್ದ. 1998ರ ಡಿಸೆಂಬರಿನಲ್ಲಿ ಡೆಹ್ರಾಡೂನಿನಿಂದ ಬಂದವನು ಮರುವರ್ಷ ಜೂನ್ 29ರಂದು ಇನ್ನೊಂದು ಶಿಖರದಲ್ಲಿ ಮಡಿದ. ಅರುಣನಂತೆಯೇ, ನಕ್ಷತ್ರ ಹೆಗಲೇರಿ ಆರು ತಿಂಗಳು. ದಾಳಿಗೆ ಹೋಗುವ ಮೊದಲು ಮನೆಯವರಿಗೆ ಪತ್ರ ಬರೆದು, ತಾನು ಮರಳದಿದ್ದರೆ ಮಾತ್ರ ತಲುಪಿಸಿ ಎಂದು ಜೊತೆಯವರ ಕೈಗೆ ಕೊಟ್ಟಿದ್ದ. 2025ರ ಮೇ ತಿಂಗಳಲ್ಲಿ ಖಡಕ್‌ವಾಸ್ಲಾದಿಂದ ಮೊದಲ ಬಾರಿಗೆ 17 ಯುವತಿಯರು ಹೊರಬಂದಿದ್ದಾರೆ. ಹಿಂದಿನ ಸಾಲಿನಿಂದ ಪ್ರಶ್ನೆ ಕೇಳಿದ ಹುಡುಗಿಗೆ ಇದು ಗೊತ್ತಿತ್ತು. ಕಾರ್ಯಕ್ರಮ ಮುಗಿದ ಮೇಲೆ ಅತಿಥಿಗಳ ಬಳಿ ಪ್ರವೇಶ ಪರೀಕ್ಷೆಯ ವಿವರ ಕೇಳುತ್ತ ನಿಂತಿದ್ದಳು.

ಅರುಣನ ಕಥೆಯಲ್ಲಿ ಒಂದು ಪುಟ ಬಾಕಿಯಿದೆ. ಅವನ ತಂದೆ ಬ್ರಿಗೇಡಿಯರ್ ಎಂ.ಎಲ್. ಖೇತ್ರಪಾಲ್ ಹುಟ್ಟಿದ ಊರು ಸರ್ಗೋಧಾ, ಈಗ ಪಾಕಿಸ್ತಾನದಲ್ಲಿದೆ. ಸಾಯುವ ಮೊದಲು ಒಮ್ಮೆ ಅದನ್ನು ನೋಡಬೇಕೆಂದು 2001ರಲ್ಲಿ, ತಮ್ಮ 81ನೆಯ ವಯಸ್ಸಿನಲ್ಲಿ, ಗಡಿ ದಾಟಿದರು. ಲಾಹೋರಿನಲ್ಲಿ ಅವರನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಉಪಚರಿಸಿದವರು ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸೆರ್ ಎಂಬ ನಿವೃತ್ತ ಅಧಿಕಾರಿ. ಮನೆಮಂದಿಯೆಲ್ಲ ಆ ಮುದುಕರನ್ನು ಅತಿಯಾದ ಗೌರವದಿಂದ ನೋಡಿಕೊಂಡರು. ಹೊರಡುವ ಹಿಂದಿನ ರಾತ್ರಿ ಊಟವಾದ ಮೇಲೆ ಆತಿಥೇಯರು, ನಿಮಗೆ ಒಂದು ವಿಷಯ ಹೇಳಬೇಕಾಗಿದೆ ಎಂದರು. 1971ರ ಡಿಸೆಂಬರ್ 16ರಂದು ಬಸಂತರ್‌ನಲ್ಲಿ 13 ಲ್ಯಾನ್ಸರ್ಸ್ ಸ್ಕ್ವಾಡ್ರನ್ನಿನ ಕಮಾಂಡರ್ ತಾವೇ ಎಂದೂ, ಅರುಣನ ಟ್ಯಾಂಕಿಗೂ ತಮ್ಮ ಟ್ಯಾಂಕಿಗೂ ಎದುರಾಎದುರು ಗುಂಡಿನ ವಿನಿಮಯವಾಯಿತೆಂದೂ, ಅವನು ಸತ್ತದ್ದು ತಮ್ಮ ಕೈಯಲ್ಲೆಂದೂ ಹೇಳಿದರು. ಅವನ ವಯಸ್ಸೆಷ್ಟೆಂದು ತಿಳಿದದ್ದು ಯುದ್ಧವಾದ ಮೇಲೆ ಎಂದರು.

ಮೂವತ್ತು ವರ್ಷ ಮಗನಿಗಾಗಿ ದುಃಖಿಸಿದ ತಂದೆ ಅವರ ಅತಿಥಿಯಾಗಿ, ಅವರ ಉಪ್ಪುಂಡು, ಆ ಕುರ್ಚಿಯಲ್ಲಿ ಕುಳಿತಿದ್ದರು. ಹೆಚ್ಚೇನೂ ಮಾತಾಡಲಿಲ್ಲ. ತಾವೂ ಸೈನಿಕರೇ, ಆ ಹೊತ್ತಿನಲ್ಲಿ ಆತ ಮಾಡಿದ್ದು ಆತನ ಕರ್ತವ್ಯವೆಂದು ಅವರಿಗೆ ಗೊತ್ತಿತ್ತು. ಇಬ್ಬರೂ ಒಳಗೆ ಹೋಗಿ ಮಲಗಿದರು. ಮರುದಿನ ಒಟ್ಟಿಗೆ ಫೋಟೋ ತೆಗೆಸಿಕೊಂಡರು. ಬ್ರಿಗೇಡಿಯರ್ ಖೇತ್ರಪಾಲ್ ದೆಹಲಿಗೆ ಮರಳಿದರು.